ಹಳೆಯ ಸಾಧನ, ಹೊಸ ವಿಂಡೋಸ್: ಸಹಿಯಿಲ್ಲದ ಡ್ರೈವರ್ ಅಳವಡಿಸುವ ಕ್ರಮ

ಶಿರಸಿಯ ಅಡಿಕೆ ವಖಾರಿಗಳಲ್ಲಾಗಲಿ, ಕಾರವಾರ, ಕುಮಟಾ, ಅಂಕೋಲೆಯ ಸಣ್ಣ ಕಚೇರಿಗಳಲ್ಲಾಗಲಿ, ಕಂಪ್ಯೂಟರ್ ಬದಲಾದಷ್ಟು ಬೇಗ ಅದಕ್ಕೆ ಜೋಡಿಸಿದ ಸಾಧನಗಳು ಬದಲಾಗುವುದಿಲ್ಲ. ತೂಕದ ಯಂತ್ರ, ಬಿಲ್ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಕಾಗದಪತ್ರಗಳ ಸ್ಕ್ಯಾನರ್ ಮುಂತಾದವು ಹತ್ತು ಹದಿನೈದು ವರ್ಷ ದಾಟಿದರೂ ದುಡಿಯುತ್ತಲೇ ಇರುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ವಿಂಡೋಸ್ 11ರ ಹೊಸ ಕಂಪ್ಯೂಟರ್ ಕೊಂಡವರು, ಹಳೆಯ ಸಿ.ಡಿ.ಯಲ್ಲಿದ್ದ ಡ್ರೈವರನ್ನು, ಅಂದರೆ ಸಾಧನವನ್ನು ವಿಂಡೋಸಿಗೆ ಪರಿಚಯಿಸುವ ಪ್ರೋಗ್ರಾಮನ್ನು, ಹಾಕಲು ಹೋದಾಗ, ಅದರ ಡಿಜಿಟಲ್ ಸಹಿಯನ್ನು ದೃಢಪಡಿಸಲಾಗುತ್ತಿಲ್ಲ ಎಂಬ ಸಂದೇಶವನ್ನು ಕಾಣುತ್ತಾರೆ. ಆ ಪರಿಶೀಲನೆಯನ್ನು ನಿಲ್ಲಿಸುವ ವಿಧಾನವನ್ನು ಈ ಲೇಖನದಲ್ಲಿ ವಿವರಿಸಿದ್ದೇನೆ. ಆದರೆ ಅದನ್ನು ಬೇಕೆಂದೇ ಕೊನೆಯ ಭಾಗಕ್ಕೆ ಇಟ್ಟಿದ್ದೇನೆ. ಮೊದಲಿನ ಹಂತಗಳನ್ನು ಸರಿಯಾಗಿ ಮಾಡಿದವರಲ್ಲಿ ಹೆಚ್ಚಿನವರಿಗೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಸಹಿ ಯಾವುದಕ್ಕೆ

ಒಂದು ಡ್ರೈವರ್ ಪೊಟ್ಟಣದಲ್ಲಿ ಮುಖ್ಯವಾಗಿ ಮೂರು ಬಗೆಯ ಕಡತಗಳಿರುತ್ತವೆ. ಐಎನ್‌ಎಫ್ ಕಡತವು ಯಾವ ಸಾಧನಕ್ಕೆ ಯಾವ ಕಡತವನ್ನು ಎಲ್ಲಿ ಹಾಕಬೇಕು ಎಂಬ ಸೂಚನೆಗಳಿರುವ ಸಾದಾ ಪಠ್ಯ. ಅದನ್ನು ನೋಟ್‌ಪ್ಯಾಡಿನಲ್ಲಿಯೇ ತೆರೆದು ಓದಬಹುದು. ಎಸ್‌ವೈಎಸ್ ಕಡತವು ವಿಂಡೋಸಿನ ತಿರುಳಾದ ಕರ್ನಲ್‌ನೊಳಗೆ ಓಡುವ ನಿಜವಾದ ಪ್ರೋಗ್ರಾಂ. ಸಿಎಟಿ ಕಡತದಲ್ಲಿ ಉಳಿದ ಕಡತಗಳ ಗಣಿತೀಯ ಗುರುತುಗಳೂ ತಯಾರಕರ ಸಹಿಯೂ ಇರುತ್ತವೆ. ಐಎನ್‌ಎಫ್‌ನಲ್ಲಿ ಒಂದೇ ಅಕ್ಷರ ತಿದ್ದಿದರೂ, ಹೊಲಿಗೆ ಬಿಚ್ಚಿದ ಅಡಿಕೆ ಚೀಲದಂತೆ, ಸಿಎಟಿಯಲ್ಲಿರುವ ಸಹಿಗೆ ಬೆಲೆ ಉಳಿಯುವುದಿಲ್ಲ.

ಕರ್ನಲ್ ಡ್ರೈವರುಗಳಿಗೆ ಸಹಿ ಇರಲೇಬೇಕು ಎಂಬ ನಿಯಮ ಶುರುವಾದದ್ದು 64 ಬಿಟ್‌ನ ವಿಂಡೋಸ್ ವಿಸ್ಟಾದಿಂದ. 2016ರಲ್ಲಿ ಬಂದ ವಿಂಡೋಸ್ 10ರ 1607ನೇ ಆವೃತ್ತಿ ಇದನ್ನು ಇನ್ನಷ್ಟು ಬಿಗಿಗೊಳಿಸಿ, ಹೊಸ ಕರ್ನಲ್ ಡ್ರೈವರುಗಳಿಗೆ ತಯಾರಕರ ಸಹಿ ಮಾತ್ರ ಸಾಲದು, ಮೈಕ್ರೋಸಾಫ್ಟಿನ ಸಹಿಯೂ ಬೇಕೆಂದಿತು. 2015ರ ಜುಲೈ 29ಕ್ಕಿಂತ ಮೊದಲು ಕೊಟ್ಟ ಪ್ರಮಾಣಪತ್ರಗಳಿಂದ (ಸಹಿ ಹಾಕುವವರ ಡಿಜಿಟಲ್ ಗುರುತಿನ ಚೀಟಿ) ಸಹಿಯಾದ ಡ್ರೈವರುಗಳಿಗೆ ಆಗ ವಿನಾಯಿತಿ ಸಿಕ್ಕಿತು. ವಿಂಡೋಸ್ 7ರ ಕಾಲದ ಎಷ್ಟೋ 64 ಬಿಟ್ ಡ್ರೈವರುಗಳು ಮುಂದೆಯೂ ತಕರಾರಿಲ್ಲದೆ ನಡೆದದ್ದು ಈ ವಿನಾಯಿತಿಯ ಬಲದಿಂದ. ದುರುಳರೂ ಅದನ್ನು ಬಿಡಲಿಲ್ಲ. ಸಹಿಯ ದಿನಾಂಕವನ್ನು ಹಿಂದಕ್ಕೆ ಹಾಕಿದ ದುಷ್ಟ ಡ್ರೈವರುಗಳನ್ನು ಸಿಸ್ಕೋ ಟಾಲೋಸ್ ಸಂಶೋಧಕರು 2023ರಲ್ಲಿ ಬಯಲಿಗೆ ತಂದ ಮೇಲೆ, ಮೈಕ್ರೋಸಾಫ್ಟ್ ಹಲವು ಪ್ರಮಾಣಪತ್ರಗಳನ್ನು ತಡೆಪಟ್ಟಿಗೆ ಸೇರಿಸಿತು. ಕರ್ನಲ್‌ನೊಳಗೆ ಹೊಕ್ಕ ಪ್ರೋಗ್ರಾಂ ಆಂಟಿವೈರಸ್ಸನ್ನೇ ಕುರುಡಾಗಿಸಬಲ್ಲದು. ವಿಂಡೋಸ್ ಇಲ್ಲಿ ಹಟ ಹಿಡಿಯುವುದು ಬರಿಯ ಕಿರಿಕಿರಿಯಲ್ಲ ಎಂಬುದನ್ನು ಒಪ್ಪಿಕೊಂಡು ಮುಂದುವರಿಯುವುದು ಒಳ್ಳೆಯದು.

ಮೊದಲು ಸಾಧನವನ್ನು ಗುರುತಿಸಬೇಕು

ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಚಿಹ್ನೆ ಇರುವ ಸಾಧನದ ಪ್ರಾಪರ್ಟೀಸ್‌ಗೆ ಹೋಗಿ, ಜನರಲ್ ಪುಟದಲ್ಲಿ ಕಾಣುವ ಕೋಡ್ ಸಂಖ್ಯೆಯನ್ನು ಬರೆದುಕೊಳ್ಳಿ. ಕೋಡ್ 28 ಎಂದರೆ ಡ್ರೈವರ್ ಇನ್ನೂ ಹಾಕಿಲ್ಲ ಎಂದರ್ಥ. ಕೋಡ್ 52 ಎಂದರೆ ಡ್ರೈವರ್ ಇದೆ, ಆದರೆ ಅದರ ಸಹಿಯನ್ನು ದೃಢಪಡಿಸಲಾಗಲಿಲ್ಲ ಎಂದರ್ಥ. ನಮ್ಮ ವಿಷಯ ನೇರವಾಗಿ ಇದೇ. ಕೋಡ್ 39 ಎಂದರೆ ಡ್ರೈವರನ್ನು ಮೆಮೊರಿಗೆ ಏರಿಸಲಾಗಲಿಲ್ಲ ಎಂದರ್ಥ. ಇದರ ಹಿಂದೆ ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ಸೌಲಭ್ಯ ಇರುವುದುಂಟು. ಕೋಡ್ 10 ಮತ್ತು ಕೋಡ್ 43ಕ್ಕೂ ಸಹಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ಸಂದೇಶದ ಸಂಖ್ಯೆಯನ್ನೇ ನೋಡದೆ ನೇರವಾಗಿ ಸಹಿ ಪರಿಶೀಲನೆಯನ್ನು ನಿಲ್ಲಿಸಲು ಹೊರಡುವುದು ಈ ಕೆಲಸದಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು ದಾರಿ.

ನಂತರ ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ಎಂಬುದನ್ನು ಆರಿಸಿದರೆ, ವಿಐಡಿ ಮತ್ತು ಪಿಐಡಿ ಎಂಬ ಎರಡು ಸಂಕೇತಗಳು ಸಿಗುತ್ತವೆ. ಮೊದಲನೆಯದು ತಯಾರಕರದು, ಎರಡನೆಯದು ಆ ಮಾದರಿಯದು. ಸಾಧನದ ಡಬ್ಬಿಯ ಮೇಲೆ ಏನೇ ಬರೆದಿರಲಿ, ನಂಬಬೇಕಾದದ್ದು ಈ ಸಂಕೇತಗಳನ್ನು. ಉದಾಹರಣೆಗೆ, ತೂಕದ ಯಂತ್ರದ ಡ್ರೈವರ್ ಬೇಕು ಎಂದು ಹುಡುಕುವವರು ಅನೇಕರಿದ್ದಾರೆ. ಆದರೆ ಸೀರಿಯಲ್ ಕೇಬಲ್ಲಿನ ತೂಕದ ಯಂತ್ರಕ್ಕೆ ಡ್ರೈವರ್ ಎಂಬುದೇ ಇರುವುದಿಲ್ಲ. ಅದು ಸೀರಿಯಲ್ ತಂತಿಯಲ್ಲಿ ಅಂಕಿಗಳನ್ನು ಕಳಿಸುತ್ತದೆ, ಅಷ್ಟೆ. ಡ್ರೈವರ್ ಬೇಕಾದದ್ದು ಆ ತಂತಿಯನ್ನು ಯುಎಸ್‌ಬಿಗೆ ಜೋಡಿಸುವ ಪುಟ್ಟ ಕನ್ವರ್ಟರಿಗೆ. ವಿಐಡಿ 067ಬಿ, ಪಿಐಡಿ 2303 ಎಂದಿದ್ದರೆ ಅದರಲ್ಲಿರುವುದು ಪ್ರಾಲಿಫಿಕ್ ಚಿಪ್. 0403 ಮತ್ತು 6001 ಎಂದಿದ್ದರೆ ಎಫ್‌ಟಿಡಿಐ. 1ಎ86 ಮತ್ತು 7523 ಎಂದಿದ್ದರೆ ಸಿಎಚ್340. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಕರಾವಳಿಯವರು ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ವಿಐಡಿ 0000, ಪಿಐಡಿ 0002 ಎಂದು ತೋರಿಸಿ, ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್ ಎಂಬ ಸಂದೇಶ ಬಂದಿದ್ದರೆ, ಸಾಧನವು ತನ್ನ ಹೆಸರನ್ನೇ ಹೇಳಲು ಆಗದ ಸ್ಥಿತಿಯಲ್ಲಿದೆ ಎಂದು ತಿಳಿಯಬೇಕು. ಇದಕ್ಕೆ ಯಾವ ಡ್ರೈವರೂ ಮದ್ದಲ್ಲ. ಉಪ್ಪುಗಾಳಿಗೂ ಮಳೆಗಾಲದ ತೇವಕ್ಕೂ ಯುಎಸ್‌ಬಿ ತುದಿಗಳು, ಒಂಬತ್ತು ಪಿನ್ನಿನ ಸೀರಿಯಲ್ ತುದಿಗಳು ಹಸಿರು ಕಟ್ಟುವುದು ಕಾರವಾರದ ಕಡೆಗೆ ಹೊಸದಲ್ಲ. ಸಾಧನವನ್ನು ಆಫ್ ಮಾಡಿ, ಕಾಂಟ್ಯಾಕ್ಟ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತುದಿಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಬೇರೆ ಕೇಬಲ್ ಹಾಕಿ, ಬೇರೆ ಪೋರ್ಟಿನಲ್ಲಿ ಪ್ರಯತ್ನಿಸಿ ನೋಡಬೇಕು.

ಡ್ರೈವರನ್ನು ಎಲ್ಲಿಂದ ತರಬೇಕು

ಅತ್ಯುತ್ತಮ ಮೂಲ ಎಂದರೆ ಆ ಸಾಧನ ಈಗಾಗಲೇ ಕೆಲಸ ಮಾಡುತ್ತಿರುವ ಹಳೆಯ ಕಂಪ್ಯೂಟರ್. ಅದನ್ನು ಗುಜರಿಗೆ ಹಾಕುವ ಮುನ್ನ ಅದರಲ್ಲಿರುವ ಡ್ರೈವರುಗಳನ್ನು ಪೆನ್ ಡ್ರೈವಿಗೆ ತೆಗೆದುಕೊಳ್ಳಿ. ವಿಂಡೋಸ್ 10 ಇದ್ದರೆ, ಮೊದಲು ಪೆನ್ ಡ್ರೈವಿನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಪಿಎನ್‌ಪಿಯುಟಿಲ್ ಎಂಬ ಆಜ್ಞೆಗೆ ಎಕ್ಸ್‌ಪೋರ್ಟ್-ಡ್ರೈವರ್ ಎಂಬ ಆಯ್ಕೆಯನ್ನೂ ಒಂದು ನಕ್ಷತ್ರ ಚಿಹ್ನೆಯನ್ನೂ ಫೋಲ್ಡರಿನ ದಾರಿಯನ್ನೂ ಕೊಟ್ಟರೆ, ಹೊರಗಿನಿಂದ ಹಾಕಿದ ಎಲ್ಲ ಡ್ರೈವರುಗಳೂ ಸಿಎಟಿ ಕಡತಗಳ ಸಮೇತ ನಕಲಾಗುತ್ತವೆ. ವಿಂಡೋಸ್ 7ರಲ್ಲಿ ಈ ಆಯ್ಕೆ ಇಲ್ಲ. ಅಲ್ಲಿ ಸಿಸ್ಟಮ್32 ಒಳಗಿನ ಡ್ರೈವರ್‌ಸ್ಟೋರ್, ಅದರೊಳಗಿನ ಫೈಲ್‌ರೆಪೊಸಿಟರಿ ಫೋಲ್ಡರನ್ನು ಕೈಯಿಂದಲೇ ನಕಲು ಮಾಡಿಕೊಳ್ಳಬೇಕು.

ಎರಡನೆಯ ಮೂಲ ತಯಾರಕರ ಸ್ವಂತ ಜಾಲತಾಣ. ಮೂರನೆಯದು ಸಾಧನದ ಜೊತೆ ಬಂದ ಸಿ.ಡಿ. ಡ್ರೈವರನ್ನು ತಾನೇ ಹುಡುಕಿ ಹಾಕುತ್ತೇನೆ ಎನ್ನುವ ಡ್ರೈವರ್ ಅಪ್‌ಡೇಟರ್ ಪ್ರೋಗ್ರಾಮುಗಳನ್ನು ಹತ್ತಿರವೂ ಸೇರಿಸಬೇಡಿ. ಕಡತದ ಮೂಲದ ಬಗ್ಗೆ ಅನುಮಾನವಿದ್ದರೆ ವೈರಸ್‌ಟೋಟಲ್ ತಾಣದಲ್ಲಿ ಪರೀಕ್ಷಿಸಬಹುದು. ಮಳೆಗಾಲದಲ್ಲಿ ಘಟ್ಟದ ಮೇಲೆ ನೆಟ್‌ವರ್ಕ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಬೇಕಾದದ್ದನ್ನೆಲ್ಲ ಕೆಲಸ ಶುರುಮಾಡುವ ಮೊದಲೇ ಇಳಿಸಿಕೊಂಡಿರಬೇಕು.

ತಂದ ಡ್ರೈವರ್ 64 ಬಿಟ್‌ನದೇ ಎಂದು ಈಗಲೇ ನೋಡಿಬಿಡಿ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. 32 ಬಿಟ್ ಕರ್ನಲ್ ಡ್ರೈವರನ್ನು 64 ಬಿಟ್ ವಿಂಡೋಸಿನಲ್ಲಿ ಓಡಿಸಲು ಯಾವ ಉಪಾಯವೂ ಇಲ್ಲ, ಸಹಿ ಪರಿಶೀಲನೆ ನಿಲ್ಲಿಸಿದರೂ ಇಲ್ಲ. ಐಎನ್‌ಎಫ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಎನ್‌ಟಿಎಎಂಡಿ64 ಎಂಬ ಪದವನ್ನು ಹುಡುಕಿ; ಅದು ಎಲ್ಲಿಯೂ ಸಿಗದಿದ್ದರೆ ಆ ಪೊಟ್ಟಣ 32 ಬಿಟ್‌ಗೆ ಮಾತ್ರ. ಎಎಂಡಿ ಎಂಬ ಹೆಸರು ಕಂಡು, ನಮ್ಮದು ಇಂಟೆಲ್ ಕಂಪ್ಯೂಟರಲ್ಲವೇ ಎಂದು ಹಿಂಜರಿಯಬೇಕಿಲ್ಲ. 64 ಬಿಟ್ ವಿನ್ಯಾಸವನ್ನು ಮೊದಲು ರೂಪಿಸಿದ್ದು ಎಎಂಡಿ ಆದ್ದರಿಂದ ಆ ಹೆಸರು ಉಳಿದಿದೆ, ಅದು ಇಂಟೆಲ್‌ಗೂ ಸಲ್ಲುತ್ತದೆ.

ಕೊನೆಗೆ ಸಿಎಟಿ ಕಡತದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಎಂಬ ಪುಟವಿದೆಯೇ ನೋಡಿ. ಸಹಿಯಿಲ್ಲ ಎಂದು ಊಹಿಸಿದ ಡ್ರೈವರಿಗೆ ಸಹಿ ಇರುವುದೂ ಉಂಟು. ಸಿ.ಡಿ.ಯಿಂದ ನಕಲು ಮಾಡುವಾಗ ಸಿಎಟಿ ಕಡತ ಬಿಟ್ಟುಹೋಗಿದ್ದರೆ ಅಥವಾ ಯಾರೋ ಐಎನ್‌ಎಫ್ ಅನ್ನು ತಿದ್ದಿದ್ದರೆ ಕೂಡ ವಿಂಡೋಸ್ ಅದೇ ತಕರಾರು ಎತ್ತುತ್ತದೆ.

ಪರಿಶೀಲನೆ ನಿಲ್ಲಿಸದೆಯೇ ಆಗುವ ಕೆಲಸ

ಪ್ರಾಲಿಫಿಕ್ ಕನ್ವರ್ಟರುಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹಳೆಯ ಪಿಎಲ್2303 ಎಚ್‌ಎಕ್ಸ್‌ಎ ಚಿಪ್ಪುಗಳಿಗೆ ಹೊಸ ಡ್ರೈವರ್ ಬೆಂಬಲ ಕೊಡುವುದಿಲ್ಲ. ಆ ಚಿಪ್ಪನ್ನು 2012ರಿಂದ ನಿಲ್ಲಿಸಲಾಗಿದೆ, ಮಾರಾಟಗಾರರನ್ನು ಕೇಳಿ ಎಂಬ ಬರಹ ಡಿವೈಸ್ ಮ್ಯಾನೇಜರಿನಲ್ಲಿ ಸಾಧನದ ಹೆಸರಿನ ಜಾಗದಲ್ಲಿಯೇ ಕಾಣುತ್ತದೆ. ಇದು ಸಹಿಯ ತೊಂದರೆಯಲ್ಲ. ಅದೇ ಚಿಪ್ಪಿಗೆ ತಯಾರಕರ ಸಹಿಯಿರುವ ಹಳೆಯ ಡ್ರೈವರ್ ಇದೆ, ವಿಂಡೋಸ್ ಅಪ್‌ಡೇಟ್ ಮಾತ್ರ ಹೊಸದನ್ನೇ ತಂದು ಕೂರಿಸುತ್ತದೆ. ಹಳೆಯ ಡ್ರೈವರನ್ನು ಒಮ್ಮೆ ಅಳವಡಿಸಿ, ಸಾಧನದ ಮೇಲೆ ಬಲ ಕ್ಲಿಕ್ ಮಾಡಿ ಅಪ್‌ಡೇಟ್ ಡ್ರೈವರ್ ಎಂಬಲ್ಲಿಗೆ ಹೋಗಿ. ಅಲ್ಲಿ ಬ್ರೌಸ್ ಮೈ ಕಂಪ್ಯೂಟರ್, ಬಳಿಕ ಲೆಟ್ ಮಿ ಪಿಕ್ ಎಂದು ಆರಂಭವಾಗುವ ಸಾಲನ್ನು ಆರಿಸಿದರೆ, ಕಂಪ್ಯೂಟರಿನಲ್ಲಿರುವ ಆವೃತ್ತಿಗಳ ಪಟ್ಟಿ ಬರುತ್ತದೆ. ಅದರಲ್ಲಿ ಹಳೆಯ ದಿನಾಂಕದ್ದನ್ನು ಆರಿಸಿದರೆ ಸಾಕು. ಪ್ರಾಲಿಫಿಕ್ ಹೀಗೆ ಮಾಡಿದ್ದು ನಕಲಿ ಚಿಪ್ಪುಗಳನ್ನು ತಡೆಯಲು. ಅಂತಹ ಚಿಪ್ಪುಗಳ ಮೇಲೆ ತಯಾರಕರು ನಡೆಸಿದ ಯುದ್ಧ ಇದೊಂದೇ ಅಲ್ಲ. 2014ರಲ್ಲಿ ಎಫ್‌ಟಿಡಿಐನ ಒಂದು ಡ್ರೈವರ್ ನಕಲಿ ಚಿಪ್ಪುಗಳ ಪಿಐಡಿಯನ್ನು ಸೊನ್ನೆಯಾಗಿಸಿ ಅವುಗಳನ್ನು ನಿಷ್ಕ್ರಿಯಗೊಳಿಸಿತ್ತು. ದಿನವಿಡೀ ತೂಕ ನಡೆಯುವ ವಖಾರಿಯಲ್ಲಿ ಇಂತಹ ಕನ್ವರ್ಟರಿನ ಜೊತೆ ಗುದ್ದಾಡುವ ಬದಲು ಅಸಲಿ ಚಿಪ್ಪಿನ ಹೊಸದನ್ನು ಕೊಳ್ಳುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಕನ್ವರ್ಟರ್ ಸರಿಯಾಗಿದ್ದರೂ ತೂಕ ಪರದೆಗೆ ಬರುತ್ತಿಲ್ಲವೆಂದರೆ ಕಾಮ್ ಪೋರ್ಟಿನ ಸಂಖ್ಯೆಯನ್ನು ನೋಡಿ. ಹಳೆಯ ಬಿಲ್ಲಿಂಗ್ ಪ್ರೋಗ್ರಾಮುಗಳಲ್ಲಿ ಕೆಲವು ಕಾಮ್ 1ರಿಂದ 4ರವರೆಗೆ ಮಾತ್ರ ಹುಡುಕುತ್ತವೆ. ವಿಂಡೋಸ್ ಕನ್ವರ್ಟರಿಗೆ ಕಾಮ್ 7 ಎಂದು ಕೊಟ್ಟಿರಬಹುದು. ಪೋರ್ಟ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಎಂಬಲ್ಲಿ ಸಂಖ್ಯೆಯನ್ನು ಬದಲಿಸಿ, ಬಾಡ್ ರೇಟ್ (ಅಂಕಿಗಳನ್ನು ಕಳಿಸುವ ವೇಗ) ಮುಂತಾದವು ಯಂತ್ರದ ಕೈಪಿಡಿಯಲ್ಲಿ ಹೇಳಿದಂತೆಯೇ ಇವೆಯೇ ಎಂದು ತಾಳೆ ನೋಡಿ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ವಿಂಡೋಸಿನಲ್ಲಿಯೇ ಇರುವ ಜೆನೆರಿಕ್ ಟೆಕ್ಸ್ಟ್ ಓನ್ಲಿ ಎಂಬ ಡ್ರೈವರ್ ಸಾಕಾಗಬಹುದು. ಅದು ಪ್ರಿಂಟರಿನ ಸ್ವಂತ ಅಕ್ಷರಗಳನ್ನು ಮಾತ್ರ ಬಳಸುವುದರಿಂದ ಕನ್ನಡದ ಬಿಲ್ ಮುದ್ರಣವಾಗುವುದಿಲ್ಲ; ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ತೊಂದರೆಯಿಲ್ಲ. ಕನ್ನಡ ಬೇಕಾದವರು ಎಪ್ಸನ್ ಅನುಕರಣೆ ಇರುವ, ಅಂದರೆ ಎಪ್ಸನ್ ಪ್ರಿಂಟರಿನಂತೆಯೇ ವರ್ತಿಸಬಲ್ಲ, ಪ್ರಿಂಟರಿಗೆ ಎಪ್ಸನ್ನಿನ ಸಹಿಯಿರುವ ಡ್ರೈವರನ್ನು ಹಾಕಿ ನೋಡಬಹುದು. ಹಳೆಯ ಸ್ಕ್ಯಾನರುಗಳಿಗೆ, ತನ್ನದೇ ಡ್ರೈವರುಗಳನ್ನು ಹೊಂದಿರುವ ವ್ಯೂಸ್ಕ್ಯಾನ್ ಎಂಬ ಹಣ ಕೊಟ್ಟು ಕೊಳ್ಳುವ ಪ್ರೋಗ್ರಾಂ ಒಂದು ದಾರಿ. ಚಿಪ್ಪುಗಳಿಗೆ ಪ್ರೋಗ್ರಾಂ ತುಂಬುವ ಯುಎಸ್‌ಬಿಎಎಸ್‌ಪಿಯಂತಹ ಸಾಧನಗಳನ್ನು ಬಳಸುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಝಾಡಿಗ್ ಎಂಬ ಉಚಿತ ಪ್ರೋಗ್ರಾಂ ತಕ್ಕದ್ದು. ಅದು ಮೈಕ್ರೋಸಾಫ್ಟಿನದೇ ಸಹಿಯಿರುವ ವಿನ್‌ಯುಎಸ್‌ಬಿ ಡ್ರೈವರನ್ನು ಸಾಧನಕ್ಕೆ ಜೋಡಿಸುತ್ತದೆ. ಝಾಡಿಗ್‌ನ ಪಟ್ಟಿಯಲ್ಲಿ ಕೀಬೋರ್ಡ್, ಮೌಸುಗಳೂ ಕಾಣಬಹುದು. ವಿಐಡಿ, ಪಿಐಡಿ ತಾಳೆ ನೋಡದೆ ಗುಂಡಿ ಒತ್ತಬಾರದು.

32 ಬಿಟ್ ಡ್ರೈವರ್ ಮಾತ್ರ ಇರುವವರಿಗೆ ಉಳಿದಿರುವುದು ಎರಡು ದಾರಿ. ಒಂದು, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ನಡೆಸುವ ವರ್ಚುವಲ್‌ಬಾಕ್ಸ್ ಎಂಬ ಪ್ರೋಗ್ರಾಮಿನಲ್ಲಿ ತಮ್ಮ ಬಳಿ ಪರವಾನಗಿ ಇರುವ ಹಳೆಯ 32 ಬಿಟ್ ವಿಂಡೋಸನ್ನು ಹಾಕಿ, ಯುಎಸ್‌ಬಿ ಫಿಲ್ಟರ್ ಮೂಲಕ ಸಾಧನವನ್ನು ಅದರೊಳಗೆ ಒಪ್ಪಿಸುವುದು. ಹಳೆಯ ಡ್ರೈವರ್ ಆ ಒಳಗಿನ ವಿಂಡೋಸಿಗಷ್ಟೇ ಸೀಮಿತವಾಗಿರುತ್ತದೆ, ಹೊರಗಿನ ಕಂಪ್ಯೂಟರಿನ ಕರ್ನಲ್ ಸೇರುವುದಿಲ್ಲ. ಆ ಹಳೆಯ ವಿಂಡೋಸಿಗೆ ಇಂಟರ್ನೆಟ್ ಕೊಡಬಾರದು. ಎಕ್ಸ್‌ಪಿಯಾದರೆ ಯುಎಸ್‌ಬಿ 3.0 ಕಂಟ್ರೋಲರ್ ಬೇಡ, 2.0 ಅಥವಾ 1.1 ಆರಿಸಿ. ಇನ್ನೊಂದು ದಾರಿ ಲಿನಕ್ಸ್. ಮೇಲೆ ಹೇಳಿದ ಮೂರೂ ಕನ್ವರ್ಟರುಗಳ ಡ್ರೈವರುಗಳು ಲಿನಕ್ಸ್ ಕರ್ನಲ್‌ನಲ್ಲಿಯೇ ಇವೆ. ಸೇನ್ ಎಂಬ ಯೋಜನೆ ಅನೇಕ ಹಳೆಯ ಸ್ಕ್ಯಾನರುಗಳಿಗೆ ಜೀವ ಕೊಟ್ಟಿದೆ. ಪೆನ್ ಡ್ರೈವಿನಿಂದಲೇ ಲಿನಕ್ಸನ್ನು ಓಡಿಸಿ ನೋಡಿದರೆ, ಡಿಸ್ಕಿಗೆ ಏನೂ ಮಾಡದೆ ಸಾಧನ ಕೆಲಸ ಮಾಡುತ್ತದೋ ಇಲ್ಲವೋ ತಿಳಿದುಬಿಡುತ್ತದೆ.

ಸಹಿ ಪರಿಶೀಲನೆಯನ್ನು ನಿಲ್ಲಿಸಲೇಬೇಕಾದಾಗ

ಇಷ್ಟಾದರೂ ದಾರಿ ಕಾಣದವರು, ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ಸಲ್ಲಿಕೆ ನಡೆಯುವ ಕಂಪ್ಯೂಟರನ್ನು ಬಿಟ್ಟು ಬೇರೊಂದನ್ನು ಈ ಕೆಲಸಕ್ಕೆ ಮೀಸಲಿಡಬೇಕು. ಅದರಲ್ಲಿರುವ ಕಡತಗಳ ಪ್ರತಿ ಇಟ್ಟುಕೊಂಡು, ಒಂದು ರಿಸ್ಟೋರ್ ಪಾಯಿಂಟ್ ಮಾಡಿ. ಡಿಸ್ಕ್ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್‌ನಿಂದ ಬಂದೋಬಸ್ತಾಗಿದೆಯೇ ಎಂದು ನೋಡುವುದು ಎಲ್ಲಕ್ಕಿಂತ ಮುಖ್ಯ. ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಇದು ತಾನಾಗಿಯೇ ಶುರುವಾಗಿರಬಹುದು. ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ಸ್ ಪುಟ) ಸೆಕ್ಯೂರ್ ಬೂಟ್ ಎಂಬ, ನಂಬಿಗಸ್ತ ತಂತ್ರಾಂಶದಿಂದ ಮಾತ್ರ ಕಂಪ್ಯೂಟರ್ ಏಳುವಂತೆ ನೋಡಿಕೊಳ್ಳುವ ಸೌಲಭ್ಯವನ್ನು ಬದಲಿಸಿದರೆ 48 ಅಂಕಿಗಳ ರಿಕವರಿ ಕೀ ಕೇಳಬಹುದು, ಅದಿಲ್ಲದೆ ಡಿಸ್ಕ್ ತೆರೆಯುವುದಿಲ್ಲ. ಖಾತೆಯ ಪುಟದಿಂದ ಆ ಕೀಯನ್ನು ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರನ್ನು ಸಸ್ಪೆಂಡ್ ಮಾಡುವ ಸೌಲಭ್ಯವನ್ನೂ ಬಳಸಿ.

ತಾತ್ಕಾಲಿಕ ವಿಧಾನ ಸುಲಭ. ಶಿಫ್ಟ್ ಕೀ ಒತ್ತಿಹಿಡಿದು ರೀಸ್ಟಾರ್ಟ್ ಆರಿಸಿದರೆ ನೀಲಿ ಪರದೆಯೊಂದು ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂಬ ದಾರಿಯಲ್ಲಿ ಹೋಗಿ ಮತ್ತೆ ರೀಸ್ಟಾರ್ಟ್ ಕೊಡಿ. ಬರುವ ಪಟ್ಟಿಯಲ್ಲಿ ಏಳನೆಯದೇ ಡಿಸೇಬಲ್ ಡ್ರೈವರ್ ಸಿಗ್ನೇಚರ್ ಎನ್‌ಫೋರ್ಸ್‌ಮೆಂಟ್. 7 ಅಥವಾ ಎಫ್7 ಒತ್ತಿ. ವಿಂಡೋಸ್ ತೆರೆದ ಮೇಲೆ ಡಿವೈಸ್ ಮ್ಯಾನೇಜರಿನ ಮೂಲಕ ಡ್ರೈವರ್ ಫೋಲ್ಡರನ್ನು ತೋರಿಸಿದರೆ ಕೆಂಪು ಎಚ್ಚರಿಕೆಯೊಂದು ಬರುತ್ತದೆ. ಅದರಲ್ಲಿ ಇನ್‌ಸ್ಟಾಲ್ ದಿಸ್ ಡ್ರೈವರ್ ಸಾಫ್ಟ್‌ವೇರ್ ಎನಿವೇ ಎಂಬುದನ್ನು ಆರಿಸಿ. ಆದರೆ ಇದು ಮುಂದಿನ ರೀಸ್ಟಾರ್ಟಿನವರೆಗೆ ಮಾತ್ರ. ಆಮೇಲೆ ಕರ್ನಲ್ ಡ್ರೈವರ್ ಕೋಡ್ 52 ತೋರಿಸಿ ಕುಳಿತುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ದಿನಕ್ಕೆ ಹಲವು ಸಲ ಕರೆಂಟು ಹೋಗುವ ಊರಿನ ಅಂಗಡಿಗೆ ಇದು ನಡೆಯುವ ಮಾತಲ್ಲ. ಡ್ರೈವರ್ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು ಮಾತ್ರ ಇದನ್ನು ಬಳಸಬೇಕು.

ಪರೀಕ್ಷೆಯಲ್ಲಿ ಗೆದ್ದರೆ ಟೆಸ್ಟ್ ಮೋಡ್‌ಗೆ ಹೋಗಬಹುದು. ಇಲ್ಲಿ ಅನೇಕ ಸೂಚನೆಗಳಲ್ಲಿ ಬಿಟ್ಟುಹೋಗುವ ಸಂಗತಿಯೊಂದಿದೆ: ಟೆಸ್ಟ್ ಮೋಡ್ ಸಹಿಯೇ ಇಲ್ಲದ ಡ್ರೈವರನ್ನು ಒಪ್ಪುವುದಿಲ್ಲ, ನಾವೇ ತಯಾರಿಸಿದ ಪ್ರಮಾಣಪತ್ರದ ಸಹಿಯನ್ನು ಒಪ್ಪುತ್ತದೆ. ಹಾಗಾಗಿ ಮೈಕ್ರೋಸಾಫ್ಟಿನ ವಿಂಡೋಸ್ ಡ್ರೈವರ್ ಕಿಟ್ ಮತ್ತು ಎಸ್‌ಡಿಕೆಯನ್ನು ಮೊದಲು ಇಳಿಸಿಕೊಳ್ಳಬೇಕು. ಪವರ್‌ಶೆಲ್‌ನ ನ್ಯೂ-ಸೆಲ್ಫ್‌ಸೈನ್ಡ್‌ಸರ್ಟಿಫಿಕೇಟ್ ಆಜ್ಞೆಯಿಂದ, ಕೋಡ್‌ಸೈನಿಂಗ್‌ಸರ್ಟ್ ಎಂಬ ಬಗೆಯನ್ನು ಸೂಚಿಸಿ, ಪ್ರಮಾಣಪತ್ರವನ್ನು ಸೃಷ್ಟಿಸಿ. ಅದನ್ನು ಈ ಕಂಪ್ಯೂಟರಿನ ಟ್ರಸ್ಟೆಡ್ ರೂಟ್ ಮತ್ತು ಟ್ರಸ್ಟೆಡ್ ಪಬ್ಲಿಷರ್ಸ್ ಎರಡರಲ್ಲಿಯೂ ಸೇರಿಸಿ. ಆಮೇಲೆ ಐಎನ್‌ಎಫ್‌ನ ವರ್ಶನ್ ಭಾಗದಲ್ಲಿ ಕ್ಯಾಟಲಾಗ್‌ಫೈಲ್ ಎಂಬ ಸಾಲು ಇರುವಂತೆ ನೋಡಿಕೊಂಡು, ಇನ್ಫ್2ಕ್ಯಾಟ್ ಎಂಬ ಸಾಧನದಿಂದ ಹೊಸ ಸಿಎಟಿ ಕಡತ ಮಾಡಿ, ಸೈನ್‌ಟೂಲ್‌ನಿಂದ ಎಸ್‌ಎಚ್‌ಎ256 ಬಳಸಿ ಅದಕ್ಕೆ ಸಹಿ ಹಾಕಬೇಕು. ಐಎನ್‌ಎಫ್‌ನ ಡ್ರೈವರ್‌ವರ್ ಸಾಲಿನಲ್ಲಿರುವ ದಿನಾಂಕ 2009ರ ಏಪ್ರಿಲ್ 21ಕ್ಕಿಂತ ಹಳೆಯದಾಗಿದ್ದರೆ ಇನ್ಫ್2ಕ್ಯಾಟ್ ತಗಾದೆ ತೆಗೆಯುತ್ತದೆ. ಎಕ್ಸ್‌ಪಿ ಕಾಲದ ಪೊಟ್ಟಣಗಳಲ್ಲಿ ಅದನ್ನು ಮುಂದಿನ ದಿನಾಂಕಕ್ಕೆ ತಿದ್ದಬೇಕಾಗುತ್ತದೆ.

ಈಗ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ನಿಲ್ಲಿಸಿ. ಅದು ಚಾಲೂ ಇದ್ದರೆ ಮುಂದಿನ ಆಜ್ಞೆಯನ್ನು ವಿಂಡೋಸ್ ಒಪ್ಪುವುದಿಲ್ಲ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ ಬಿಸಿಡಿಎಡಿಟ್, ಓರೆಗೆರೆಯೊಡನೆ ಸೆಟ್, ಟೆಸ್ಟ್‌ಸೈನಿಂಗ್, ಆನ್ ಎಂಬ ಪದಗಳನ್ನು ನಡುವೆ ಜಾಗ ಬಿಟ್ಟು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ರೀಸ್ಟಾರ್ಟ್ ಮಾಡಿ. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಟೆಸ್ಟ್ ಮೋಡ್ ಎಂಬ ಬರಹ ಕಾಣುತ್ತದೆ. ಬಳಿಕ ಡ್ರೈವರನ್ನು ಎಂದಿನಂತೆ ಅಳವಡಿಸಿ. ಆಗಲೂ ಕೋಡ್ 39 ಬಂದರೆ, ವಿಂಡೋಸ್ ಸೆಕ್ಯುರಿಟಿಯ ಡಿವೈಸ್ ಸೆಕ್ಯುರಿಟಿ ಭಾಗದಲ್ಲಿ ಕೋರ್ ಐಸೊಲೇಶನ್ ವಿವರಗಳನ್ನು ತೆರೆದು ಮೆಮೊರಿ ಇಂಟೆಗ್ರಿಟಿಯನ್ನು ನಿಲ್ಲಿಸಿ ನೋಡಬಹುದು. ಸೆಕ್ಯೂರ್ ಬೂಟ್, ಸಹಿ, ಮೆಮೊರಿ ಇಂಟೆಗ್ರಿಟಿ ಈ ಮೂರೂ ಇಲ್ಲದ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸುವುದು ಸಲ್ಲದು. ವೈಫೈ ಆಫ್ ಮಾಡಿ, ಬಿಲ್ಲಿನ ಕಡತಗಳನ್ನು ಪೆನ್ ಡ್ರೈವಿನಲ್ಲಿಯೇ ಸಾಗಿಸಬೇಕು.

ಡ್ರೈವರ್ ಹಾಕಿದ ಮೇಲೆ ಕಂಪ್ಯೂಟರ್ ನೀಲಿ ಪರದೆ ತೋರಿಸಿ ಮತ್ತೆ ಮತ್ತೆ ನಿಂತರೆ, ಅದೇ ಸ್ಟಾರ್ಟಪ್ ಸೆಟ್ಟಿಂಗ್ಸ್‌ನಿಂದ ಸೇಫ್ ಮೋಡ್‌ಗೆ ಹೋಗಿ. ಡಿವೈಸ್ ಮ್ಯಾನೇಜರಿನಲ್ಲಿ ಅನ್‌ಇನ್‌ಸ್ಟಾಲ್ ಡಿವೈಸ್ ಆರಿಸುವಾಗ, ಡ್ರೈವರನ್ನೂ ತೆಗೆಯುವ ಪುಟ್ಟ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ. ಅದನ್ನು ಬಿಟ್ಟರೆ ಸಾಧನ ಜೋಡಿಸಿದೊಡನೆ ಅದೇ ಡ್ರೈವರ್ ಮತ್ತೆ ಬಂದು ಕೂರುತ್ತದೆ.

ಮುಂದೊಂದು ದಿನ ಸಾಧನವನ್ನು ಬದಲಿಸಿದಾಗ ಎಲ್ಲವನ್ನೂ ಮೊದಲಿನಂತೆ ಮಾಡಬೇಕಾದ ಕ್ರಮ ಹೀಗಿದೆ: ಮೊದಲು ಡ್ರೈವರನ್ನು ತೆಗೆಯಿರಿ, ನಾವು ಮಾಡಿದ ಪ್ರಮಾಣಪತ್ರವನ್ನು ಎರಡೂ ಕಡೆಗಳಿಂದ ಅಳಿಸಿ, ಬಿಸಿಡಿಎಡಿಟ್ ಆಜ್ಞೆಯನ್ನು ಈ ಸಲ ಕೊನೆಯಲ್ಲಿ ಆಫ್ ಎಂದು ಕೊಡಿ, ಮೆಮೊರಿ ಇಂಟೆಗ್ರಿಟಿಯನ್ನು ಮತ್ತೆ ಚಾಲೂ ಮಾಡಿ, ಬಯಾಸ್‌ನಲ್ಲಿ ಸೆಕ್ಯೂರ್ ಬೂಟನ್ನು ಶುರುಮಾಡಿ, ಕೊನೆಗೆ ಬಿಟ್‌ಲಾಕರಿನ ಸಸ್ಪೆನ್ಷನ್ನನ್ನು ಹಿಂತೆಗೆದುಕೊಳ್ಳಿ. ಸಿಸ್ಟಮ್ ಇನ್ಫರ್ಮೇಶನ್ ಪುಟದಲ್ಲಿ ಸೆಕ್ಯೂರ್ ಬೂಟ್ ಸ್ಟೇಟ್ ಎಂಬುದರ ಎದುರು ಆನ್ ಎಂದು ಕಂಡ ಮೇಲೆಯೇ ವೈಫೈಯನ್ನು ಮತ್ತೆ ಜೋಡಿಸಿ.